ಮೂರು ಬಟ್ಟಲು, ಎರಡು ಕಾರು

ಬಿಕ್ಕೋಡಿನ ಏರಿನಲ್ಲಿ ನನ್ನ ಹಳೆಯ ಕಾರು ನಿಂತುಬಿಟ್ಟಾಗ ಹಿಂದಿನ ಸೀಟಿನ ತುಂಬ ಕಾಫಿ ಬೀಜದ ಸ್ಯಾಂಪಲ್ಲುಗಳಿದ್ದವು. ಬಟ್ಟೆಯ ಪುಟ್ಟ ಚೀಲಗಳು, ಒಬ್ಬೊಬ್ಬ ಬೆಳೆಗಾರನ ಚೀಲಕ್ಕೆ ಒಂದೊಂದು ಬಣ್ಣದ ದಾರ. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಹಿಂದಿನಿಂದ ಬಂದ ಜೀಪಿನವನು ಇಳಿದು, ಎಂಜಿನ್ ತಣಿಯುವವರೆಗೆ ಬೀಡಿ ಸೇದಿ, ರೇಡಿಯೇಟರಿಗೆ ನೀರು ಹುಯ್ದ.

"ಅಜ್ಜೀ, ಇದನ್ನ ಇನ್ ಕೋಳಿಗೂಡು ಮಾಡ್ಕಳಿ. ಮೊಟ್ಟೆನಾದ್ರೂ ಸಿಕ್ತವೆ" ಎಂದ.

ನಾನು ಥ್ಯಾಂಕ್ಯೂ ಹೇಳಿದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಥ್ಯಾಂಕ್ಯೂ ಅದು. ಅವಮಾನವಾದಾಗಲೂ ಬಾಯಿಗೆ ತಾನಾಗಿ ಬಂದುಬಿಡುತ್ತದೆ.

ನನ್ನ ಕೆಲಸ ಕಾಫಿಯ ರುಚಿ ನೋಡುವುದು. ಇಂಗ್ಲಿಷಿನಲ್ಲಿ ಕಪ್ಪಿಂಗ್ ಅನ್ನುತ್ತಾರೆ. ಕಾಫಿ ಬೀಜ ಸುಲಿದು ಹದಮಾಡುವ ಕ್ಯೂರಿಂಗ್ ವರ್ಕ್ಸಿನಿಂದ ರಿಟೈರ್ ಆದ ಮೇಲೂ ಬಿಕ್ಕೋಡು ಸುತ್ತಿನ ಸಣ್ಣ ಬೆಳೆಗಾರರ ಗುಂಪೊಂದಕ್ಕೆ ಕೊಯ್ಲಿನ ಕಾಲದಲ್ಲಿ ಈ ಕೆಲಸ ಮಾಡಿಕೊಡುತ್ತೇನೆ. ಅರಸೀಕೆರೆಯಿಂದ ಹೋಗಿ, ಅವರವರ ಕಣದಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಮೇಲಿನ, ನಡುವಿನ, ತಳದ ಬೀಜ ತೆಗೆದು, ಮನೆಗೆ ತಂದು ಹುರಿದು, ಯಾವ ಚೀಲ ಸರಿ, ಯಾವುದರಲ್ಲಿ ದೋಷ ಅಂತ ಹೇಳುವುದು. ಬೆಂಗಳೂರಿನ ಒಬ್ಬ ವ್ಯಾಪಾರಿ ಇವರ ಕಾಫಿಯನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತಾನೆ. ಆದರೆ ಒಂದೇ ಒಂದು ಕೆಟ್ಟ ಚೀಲ ಸೇರಿದ್ದರೂ ಇಡೀ ಲಾಟು ವಾಪಸ್ಸು. ವಾಪಸ್ಸು ಬಂದದ್ದು ಊರಿನ ಏಜೆಂಟನ ಪಾಲು. ಅವನು ಚೀಲಕ್ಕೆ ತೋಳು ತುರುಕಿ, ಒಂದು ಹಿಡಿ ಮೂಸಿದಂತೆ ಮಾಡಿ, ತನಗೆ ತೋಚಿದ ಬೆಲೆ ಹೇಳುತ್ತಾನೆ. ಬೆಳೆಗಾರರೇ ಸ್ಯಾಂಪಲ್ ಕಳಿಸಲಿ ಅಂದರೆ ಅದೂ ಆಗದು. ಹೆಣ್ಣು ನೋಡಲು ಬಂದವರ ಮುಂದೆ ಕೂರಿಸುವ ಹಾಗೆ, ಚೆಂದದ ಬೀಜವನ್ನೇ ಆರಿಸಿ ಸಿಂಗರಿಸಿ ಕಳಿಸುತ್ತಾರೆ. ನಾನೇ ಹೋಗಬೇಕು. ಹೋಗಲು ಕಾರು ಬೇಕು. ಕೊಯ್ಲು ಶುರುವಾಗಿತ್ತು.

ಅರಸೀಕೆರೆ ಸ್ಟೇಷನ್ನಿನ ಹತ್ತಿರದ ಮನೆಯಲ್ಲಿ ನಾವು ಮೂವರು: ನಾನು, ರೈಲ್ವೆಯಲ್ಲಿದ್ದು ರಿಟೈರ್ ಆದ ತಮ್ಮ, ಹೈಸ್ಕೂಲಿನಲ್ಲಿ ಮ್ಯಾಥ್ಸ್ ಹೇಳಿಕೊಡುತ್ತಿದ್ದ ಅವನ ಹೆಂಡತಿ. ಮೆಕ್ಯಾನಿಕ್ ಬಂದು ಹಳೆಯ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಖರ್ಚು ಮಾಡಬೇಡಿ ಅಂದ. ಆವತ್ತಿನಿಂದ ತಮ್ಮನಿಗೆ ಜ್ವರ ಬಂದ ಹಾಗಾಯಿತು. ಮೈಲೇಜಿನ ಜ್ವರ.

"ಗ್ಯಾಸ್ ಗಾಡಿ ತಗೊ ಅಕ್ಕ. ಕಣ್ಮುಚ್ಕೊಂಡು ತಗೊ. ನೀನು ವಾರ ವಾರ ಬಿಕ್ಕೋಡಿಗೆ ಅಲೆಯೋದು. ಮೈಲೇಜ್ ಅಂದ್ರೆ ಅದೇ."

"ಡಿಕ್ಕಿ ತುಂಬ ಸಿಲಿಂಡರ್ ಕೂತಿರುತ್ತೆ ಕಣೋ. ಸ್ಯಾಂಪಲ್ ಎಲ್ಲಿಡ್ಲಿ, ನಿನ್ನ ತಲೆ ಮೇಲಾ?"

"ಹಿಂದಿನ ಸೀಟಲ್ಲಿಡು. ಈಗ ಇಡ್ತಿಲ್ವಾ?"

ಇಲ್ಲೇ ಇತ್ತು ನನ್ನ ತಳಮಳ. ಹುರಿಯದ ಕಾಫಿ ಬೀಜ ಪಕ್ಕದಲ್ಲಿರುವುದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಹಳೆಯ ಕಾರು ತನ್ನ ವಾಸನೆಯನ್ನೆಲ್ಲ ಕಳೆದುಕೊಂಡು ಎಷ್ಟೋ ಕಾಲವಾಗಿತ್ತು. ಅದರೊಳಗೆ ಪರ್ಫ್ಯೂಮಾಗಲಿ, ಊದುಬತ್ತಿಯಾಗಲಿ, ಹಲಸಿನ ಹಣ್ಣಾಗಲಿ ನಾನು ಸೇರಿಸಿದವಳಲ್ಲ. ಹೊಸ ಕಾರೆಂದರೆ ಪ್ಲಾಸ್ಟಿಕ್ಕು, ಗೋಂದು, ಫೋಮು. ಬಿಸಿಲಿಗೆ ಇವೆಲ್ಲ ಬೆವರುತ್ತವೆ. ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡು ಅಂದ ತಮ್ಮ. ಪೂರ್ತಿ ಒಣಗಿರದ ಬೀಜ ಡಬ್ಬಿಯಲ್ಲಿ ತಾನೇ ಬೆವರಿ ಮುಗ್ಗಲು ಹಿಡಿಯುತ್ತದೆ. ಎಲೆಕ್ಟ್ರಿಕ್ ಕಾರನ್ನೂ ಯೋಚಿಸಿದ್ದಾಯಿತು. ಕಣಗಳಲ್ಲಿ ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂದು ಅಲ್ಲಿನವರಿಗೇ ತಿಳಿಯದು. ಬಿಟ್ಟೆವು. ಕೊನೆಗೆ ಉಳಿದವು ಎರಡು: ತಮ್ಮನ ಗ್ಯಾಸ್ ಕಾರು, ಮತ್ತು ಡಿಕ್ಕಿ ಖಾಲಿ ಇರುವ, ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಪೆಟ್ರೋಲ್ ಕಾರು. ನನ್ನ ಎಡ ಮಂಡಿಯ ವೋಟು ಎರಡನೆಯದಕ್ಕೆ.

ಶೋರೂಮಿನ ಸೇಲ್ಸ್ ಹುಡುಗಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು. ಎರಡನ್ನೂ ಒಂದಾದ ಮೇಲೊಂದು ಓಡಿಸಿ ನೋಡಬೇಕು, ಅದೂ ಜಾವಗಲ್ ದಾರಿಯಾಗಿ ಹಳೇಬೀಡಿಗೆ ಹೋಗಿಬರಬೇಕು ಅಂದೆ. ಊರಿನ ಒಂದು ಸುತ್ತಿಗೆ ಮಾತ್ರ ಪರ್ಮಿಷನ್ ಮೇಡಂ ಎಂದು ಶುರುಮಾಡಿದವಳು ಹಳೇಬೀಡಿನ ಹೆಸರು ಕೇಳಿ ಮೆತ್ತಗಾದಳು. ತಮ್ಮ ಮೊದಲು ಬಂಕಿಗೆ ಕರೆದುಕೊಂಡು ಹೋಗಿ, ಪಂಪು ತಾನಾಗಿ ಕಟ್ ಆಗುವವರೆಗೆ ಟ್ಯಾಂಕು ತುಂಬಿಸಿ, ಟೈರಿನ ಗಾಳಿ ನೋಡಿದ. ವಾಪಸ್ಸು ಬಂದು ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ ಭಾಗಿಸುವುದು ಅವನ ವಿಧಾನ. ಕಂಪನಿಯವರ ಮೈಲೇಜನ್ನು ಅವನು ನಂಬುವುದಿಲ್ಲ.

ನಾನು ನೋಡಿದ್ದು ಬೇರೆ. ಬಾನೆಟ್ಟಿನ ತುದಿ ಕಾಣುತ್ತದೆಯೇ? ಹಂಪಿನ ಮೇಲೆ ತಳ ತಗಲುತ್ತದೆಯೇ? ಏರಿನಲ್ಲಿ ನಿಲ್ಲಿಸಿ ಹೊರಟರೆ ಹಿಂದಕ್ಕೆ ಜಾರುತ್ತದೆಯೇ? ಪೆಟ್ರೋಲ್ ಕಾರು ಗೇರು ಬದಲಿಸುವಾಗ ಒಂದು ಕ್ಷಣ ಯೋಚಿಸುತ್ತಿತ್ತು, ಪಾಠ ಒಪ್ಪಿಸುವ ಹುಡುಗಿ ಮುಂದಿನ ಸಾಲು ಮರೆತ ಹಾಗೆ. ಗ್ಯಾಸ್ ಕಾರು ಏರಿನಲ್ಲಿ ಏದುಸಿರು ಬಿಟ್ಟಿತು. ಬಟನ್ ಒತ್ತಿ ಪೆಟ್ರೋಲಿಗೆ ಬದಲಿಸಿದರೆ ಸರಿಹೋಯಿತು. ಎರಡನೆಯ ಸುತ್ತಿನಲ್ಲಿ ಹಳೇಬೀಡಿನ ಕೆರೆ ಏರಿಯ ಹತ್ತಿರ ನಿಲ್ಲಿಸಿ ಟೀ ಕುಡಿದೆವು.

"ಅಲ್ಲೇ ಮೇಡಂ ನಮ್ಮನೆ" ಎಂದಳು ಹುಡುಗಿ. "ಅಮ್ಮ ಈ ಕಡೆ ಬಂದ್ರೆ ಕಷ್ಟ. ಕಾರು ನಾನೇ ತಗೊಂಡೆ ಅಂತ ಆರತಿ ತಟ್ಟೆ ತಂದ್ಬಿಡ್ತಾಳೆ."

ವಾಪಸ್ಸು ಬರುವಾಗ ನನ್ನ ಕೋರಿಕೆ ಮುಂದಿಟ್ಟೆ. ಒಂದೇ ಚೀಲದಿಂದ ತೆಗೆದ ಶುದ್ಧವಾದ ಬೀಜವನ್ನು ಮೂರು ಪಾಲು ಮಾಡಿದ್ದೇನೆ. ಒಂದು ನಮ್ಮ ಮನೆಯಲ್ಲಿ ಇರುತ್ತದೆ. ಒಂದನ್ನು ಗ್ಯಾಸ್ ಕಾರಿನ ಹಿಂದಿನ ಸೀಟಿನಲ್ಲಿ, ಇನ್ನೊಂದನ್ನು ಪೆಟ್ರೋಲ್ ಕಾರಿನ ಡಿಕ್ಕಿಯಲ್ಲಿ ಇಟ್ಟು, ಇಡೀ ದಿನ ಬಿಸಿಲಿನಲ್ಲಿ ಬಾಗಿಲು ಹಾಕಿ ನಿಲ್ಲಿಸಬೇಕು.

ಹುಡುಗಿ ತಮ್ಮನ ಮುಖ ನೋಡಿದಳು.

"ಸರ್, ಎಲ್ರೂ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತಾರೆ. ಮೇಡಂ ಕಾಫಿ ಬೀಜ ಇಡ್ತಾರಾ?"

"ನಿಂಬೆಹಣ್ಣೇ ಪರವಾಗಿಲ್ಲ ಕಣಮ್ಮ" ಎಂದ ತಮ್ಮ. "ಇವಳು ನಿನ್ನ ಕಾರನ್ನ ಹುರಿದು ಕುಡೀತಾಳೆ."

ಹಾಗೇ ಮಾಡಿದೆವು. ಶೋರೂಮಿನ ಶುಕ್ರವಾರದ ಪೂಜೆಯ ಸಾಂಬ್ರಾಣಿ ಹೊಗೆ ಒಳಗೆ ಹೋಗದ ಹಾಗೆ ನೋಡಿಕೊಳ್ಳುತ್ತೇನೆಂದು ಹುಡುಗಿ ಮಾತು ಕೊಟ್ಟಳು, ನಡೆಸಿಯೂ ಕೊಟ್ಟಳು. ಸಂಜೆ ತಂದ ಬೀಜವನ್ನು ಬೇರೆ ಬೇರೆ ಹುರಿದೆ, ಒಂದೇ ಹದಕ್ಕೆ. ಮಾರನೆಯ ಬೆಳಿಗ್ಗೆ ತಮ್ಮ ಬಟ್ಟಲುಗಳ ತಳಕ್ಕೆ ಚೀಟಿ ಅಂಟಿಸಿ, ನನಗೆ ಕಾಣದ ಹಾಗೆ ಪುಡಿ ಹಾಕಿ, ಸ್ಥಳ ಅದಲುಬದಲು ಮಾಡಿದ. ಮೊದಲು ಒಣ ಪುಡಿ ಮೂಸಿದೆ. ಕುದಿ ಇಳಿದ ನೀರು ಹುಯ್ದೆ. ಪುಡಿ ಮೇಲೆ ಕೆನೆಯ ಹಾಗೆ ಕಟ್ಟಿಕೊಂಡ ಮೇಲೆ ಮೂಗನ್ನು ಬಟ್ಟಲಿಗೆ ತಾಗಿಸುವಷ್ಟು ಬಗ್ಗಿ, ಚಮಚದಲ್ಲಿ ಕೆನೆ ಒಡೆದೆ. ಇಡೀ ಕೆಲಸದಲ್ಲಿ ಮುಖ್ಯವಾದ ಕ್ಷಣ ಇದು. ಒಳಗೆ ಅಡಗಿದ್ದೆಲ್ಲ ಆವಿಯೊಂದಿಗೆ ಹೊರಗೆ ಬರುತ್ತದೆ. ಆಮೇಲೆ ಚಮಚದಿಂದ ಜೋರಾಗಿ ಸೊರ್ರೆಂದು ಹೀರಿ, ಬಾಯೆಲ್ಲ ಆಡಿಸಿ, ಉಗಿದೆ.

ಮೂರೂ ಒಂದೇ. ಹಿತವಾದ ಹುಳಿ, ತುಸು ಸಿಹಿ, ಯಾವ ದೋಷವೂ ಇಲ್ಲ.

ನನಗಾದ ಖುಷಿ ಅಷ್ಟಿಷ್ಟಲ್ಲ. "ನೀನೇ ಗೆದ್ದೆ ಕಣೋ. ಯಾವ ಕಾರಾದ್ರೂ ತೊಂದ್ರೆ ಇಲ್ಲ. ನಿನ್ನ ಗ್ಯಾಸ್ ಗಾಡೀನೇ ಬುಕ್ ಮಾಡು" ಎಂದೆ.

ತಮ್ಮನ ಹೆಂಡತಿ ಬಟ್ಟಲು ತೆಗೆಯಲು ಬಂದವಳು ಒಂದನ್ನು ಎತ್ತಿ ಮುಖ ಕಿವಿಚಿದಳು.

"ಇದೇನಕ್ಕ, ಹೊಸ ಚಪ್ಪಲಿ ಅಂಗಡಿ ವಾಸನೆ?"

ತಮ್ಮ ಬಟ್ಟಲು ಎತ್ತಿ ತಳ ನೋಡಿದ. ಗ್ಯಾಸ್ ಕಾರು.

ನಾನು ಮತ್ತೆ ಮೂಸಿದೆ. ಬಿಸಿ ಆವಿ ಬಿಟ್ಟರೆ ಏನೂ ಇಲ್ಲ. ಅವಳನ್ನು ಹೊರಗೆ ಕಳಿಸಿ ಬಟ್ಟಲು ಅದಲುಬದಲು ಮಾಡಲು ತಮ್ಮನಿಗೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಮತ್ತೆ ಅದನ್ನೇ ಹಿಡಿದಳು. ಇನ್ನೊಂದು ಸಲ. ಮತ್ತೆ ಅದೇ. ಮೂರನೆಯ ಸಲ ಅವಳಿಗೆ ನನ್ನ ಮುಖ ನೋಡಿ ಅರ್ಥವಾಗಿರಬೇಕು.

"ಇರ್ಲಿ ಬಿಡಿ ಅಕ್ಕ, ನಂಗೇ ನೆಗಡಿ ಇರ್ಬೇಕು" ಎಂದಳು.

ನೆಗಡಿಯಾದವರಿಗೆ ವಾಸನೆ ಹೆಚ್ಚಾಗುವುದನ್ನು ನಾನೆಲ್ಲೂ ಕೇಳಿಲ್ಲ, ಮೈ ಡಿಯರ್.

ಆ ದಿನ ನಾನು ಮನೆಯಲ್ಲಿ ಒಂದೆಡೆ ಕೂರಲಿಲ್ಲ. ಅಡುಗೆಮನೆಗೆ ಹೋಗಿ ಲವಂಗದ ಡಬ್ಬಿ ಮೂಸಿದೆ. ಎಲ್ಲೋ ದೂರದಲ್ಲಿ ಒಂದೆಳೆ. ಇಂಗು, ಇದೆ ಅಂದರೆ ಇದೆ. ದೇವರ ಮುಂದಿನ ಮಲ್ಲಿಗೆ, ಇಲ್ಲ. ಬಚ್ಚಲಿನ ಫಿನಾಯಿಲ್ ಮೂಗಿಗೆ ಚುರುಕ್ಕೆಂದಿತು, ಆದರೆ ಅದು ಉರಿ, ವಾಸನೆಯಲ್ಲ. ಮತ್ತೆ ಲವಂಗಕ್ಕೆ ಬಂದೆ. ಮಳೆಗಾಲದ ಕೊನೆಗೆ ಒಂದು ಜ್ವರ ಬಂದು ಹೋಗಿತ್ತು. ಆಮೇಲೆ ಒಮ್ಮೆ ಹಾಲು ಸೀದು ಪಾತ್ರೆ ಕಪ್ಪಾಗುವವರೆಗೆ ಪಕ್ಕದ ಕೋಣೆಯಲ್ಲಿದ್ದ ನನಗೆ ತಿಳಿದಿರಲಿಲ್ಲ. ಪುಸ್ತಕ ಓದುತ್ತಿದ್ದೆನಲ್ಲ ಎಂದುಕೊಂಡಿದ್ದೆ. ನೆನಪಿನಲ್ಲಿ ಮಾತ್ರ ಎಲ್ಲ ಹಾಗೇ ಇತ್ತು. ಕಾನ್ವೆಂಟಿನ ಚಾಪೆಲ್ಲಿನ ಮೇಣದಬತ್ತಿ, ಮಳೆಗೆ ನೆನೆದ ಯೂನಿಫಾರಂ, ಕ್ಯೂರಿಂಗ್ ವರ್ಕ್ಸಿನ ಗೋಡೌನ್ ಬಾಗಿಲು ತೆರೆದ ಕೂಡಲೇ ಬರುತ್ತಿದ್ದ ಹಸಿ ಗೋಣಿಯ ವಾಸನೆ. ಇವೆಲ್ಲ ಇದ್ದವು. ಎದುರಿಗಿದ್ದ ಬಟ್ಟಲು ಮಾತ್ರ ಇರಲಿಲ್ಲ.

ಇಎನ್‌ಟಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಜ್ವರದ ನಂತರ ಹೀಗಾಗುವುದುಂಟು, ವಯಸ್ಸೂ ಇದೆ, ದಿನಾ ನಾಲ್ಕಾರು ವಾಸನೆಗಳನ್ನು ಮೂಸಿ ಅಭ್ಯಾಸ ಮಾಡಿ, ಬಂದರೂ ಬರಬಹುದು ಎಂದರು. ಬರದೆಯೂ ಇರಬಹುದು ಎಂಬುದನ್ನು ಹೇಳದಷ್ಟು ಸಭ್ಯರು.

ಶೋರೂಮಿನಿಂದ ಫೋನ್ ಬರುತ್ತಿತ್ತು. ನಾನು ತೆಗೆಯುತ್ತಿರಲಿಲ್ಲ. ಕಾರು ಯಾಕೆ ಇನ್ನು? ಹಳೆಯ ಕಾರು ನಿಂತ ದಿನ ತಂದ ಸ್ಯಾಂಪಲ್ಲುಗಳೂ ಹುರಿಯದೆ ಹಾಗೇ ಬಿದ್ದಿದ್ದವು. ಬಿಕ್ಕೋಡಿನಿಂದಲೂ ಫೋನ್. ಗುಂಪಿನ ಮುಂದಾಳು ಒಬ್ಬ ಹೆಂಗಸು. ಗಂಡನ ಜೊತೆ ಸೇರಿ ಸಣ್ಣ ತೋಟ ನೋಡಿಕೊಳ್ಳುತ್ತಾಳೆ. ಈ ಸಲ ಹಣ್ಣನ್ನೇ ಆರಿಸಿ ಕೊಯ್ದು, ನೆಲಕ್ಕೆ ತಾಗದಂತೆ ಬಲೆಯ ಮಂಚದ ಮೇಲೆ ಒಣಗಿಸಿದ್ದಳು.

"ಅಮ್ಮಾರೇ, ಯಾವತ್ ಬತ್ತೀರಾ? ಏಜೆಂಟ್ ದಿನಾ ಬಂದು ಕಣದಲ್ ಕುಂತ್ಕತಾನೆ. ನಿಮ್ಮಮ್ಮಾರು ಬರಲ್ಲ ಕಣಮ್ಮ, ಕೊಟ್ಬಿಡು ಅಂತಾನೆ."

ಇಂಥದ್ದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಎಂದು ಬಸ್ಸಿನಲ್ಲಿ ಹೊರಟೆ. ಬೇಲೂರಿನಲ್ಲಿ ಬಸ್ಸು ಬದಲಿಸಬೇಕು. ಪಕ್ಕದಲ್ಲಿ ಮೀನಿನ ಬುಟ್ಟಿ ಹಿಡಿದವಳೊಬ್ಬಳು ಕೂತಳು. ಮುಂದಿನ ಸೀಟಿನವರು ಮೂಗು ಮುಚ್ಚಿ ಎದ್ದು ಹೋದರು. ನಾನು ಆರಾಮಾಗಿ ಕೂತಿದ್ದೆ. "ನೀವೊಬ್ರೇ ಒಳ್ಳೇರು" ಎಂದಳು ಅವಳು. ಅಳು ಬಂತು. ಕಿಟಕಿ ಕಡೆ ತಿರುಗಿದೆ.

ಕಣದಲ್ಲಿ ವಿಷಯ ಹೇಳಿದೆ. ಬೀಜ ತಿರುವುತ್ತಿದ್ದ ಮುಂದಾಳು ಹೆಂಗಸು ಕೈ ನಿಲ್ಲಿಸಿದಳು. ಅಯ್ಯೋ ಪಾಪ ಅಂದಾಳು ಎಂದುಕೊಂಡಿದ್ದೆ. ಅನ್ನಲಿಲ್ಲ.

"ಅಂಗಾರೆ ಹೋದ್ ವರ್ಸ ನಮ್ದು ಚೆನ್ನಾಗೈತೆ ಅಂದ್ರಲ್ಲ, ಅದು?"

"ಹೋದ ವರ್ಷ ಮೂಗು ಇತ್ತು ಕಣಮ್ಮ. ಜ್ವರ ಬಂದಿದ್ದು ಆಮೇಲೆ. ಬೆಂಗಳೂರಿನವನು ಒಂದು ಚೀಲಾನೂ ವಾಪಸ್ ಕಳಿಸ್ಲಿಲ್ಲವಲ್ಲ."

ಒಂದಷ್ಟು ಹೊತ್ತು ಬೀಜ ತಿರುವಿದಳು. ಆಮೇಲೆ, "ಈ ಸಲ ಯಾರು ಯೋಳೋರು?" ಎಂದಳು. "ಏಜೆಂಟ್ ಕೈ ಆಕಿ ಮೂಸ್ತಾನೆ. ಅವನ್ ಕೈಯ್ಯೇ ಹೊಗೆಸೊಪ್ಪು ನಾತ. ಏನ್ ಮೂಸ್ತಾನೋ ಕಾಣೆ."

"ಹೊಗೆಸೊಪ್ಪು ಅಂತ ನಿನಗೆ ಗೊತ್ತಾಗುತ್ತಾ?"

"ಅದ್ಯಾಕ್ ಗೊತ್ತಾಗಲ್ಲ? ಗೇಟ್ ತಾವ ಇದ್ದಂಗೆ ಗೊತ್ತಾಯ್ತದೆ."

ಆಗ ಹೊಳೆದದ್ದನ್ನು ನಾನು ದೊಡ್ಡ ಉಪಾಯ ಎಂದು ಹೇಳುವುದಿಲ್ಲ. ಎಷ್ಟೋ ವರ್ಷ ಕಾಫಿಯನ್ನು ಬಟ್ಟಲಿನ ಹತ್ತಿರಕ್ಕೆ ಹೊತ್ತಿದ್ದೆ. ಬಟ್ಟಲನ್ನೇ ಕಾಫಿಯ ಹತ್ತಿರಕ್ಕೆ ಒಯ್ಯಬಾರದೇಕೆ? ಬೆಳೆದವರೇ ಹೀರಲಿ, ಉಗಿಯಲಿ, ಹೇಳಲಿ. ಹದ, ಕ್ರಮ, ದೋಷಗಳ ಹೆಸರು ಕಲಿಸುವುದಕ್ಕೆ ನನ್ನ ಮೂಗು ಬೇಡ.

ಮನೆಗೆ ಬಂದು ಹೇಳಿದಾಗ ತಮ್ಮ ನಕ್ಕ. "ಅಕ್ಕ, ಹೆತ್ತೋರ ಹತ್ರ ಮಕ್ಕಳಿಗೆ ಮಾರ್ಕ್ಸ್ ಹಾಕ್ಸಿದ ಹಾಗೆ ಇದು. ಎಲ್ರೂ ಫಸ್ಟ್ ಕ್ಲಾಸೇ."

"ಯಾವ್ದು ಯಾರ ಮಗು ಅಂತ ಗೊತ್ತಾದ್ರೆ ತಾನೇ?" ಎಂದಳು ಅವನ ಹೆಂಡತಿ. "ಚೀಟಿ ಅಂಟಿಸೋಕೆ ನಾನು ಬರ್ತೀನಿ. ಎಕ್ಸಾಂ ಪೇಪರಿಗೆ ಎಷ್ಟು ಅಂಟಿಸಿಲ್ಲ?"

ಅದಾದ ಮೇಲೆ ಕಾರಿನ ಪ್ರಶ್ನೆ ತಾನಾಗಿ ಬಗೆಹರಿಯಿತು. ಸ್ಯಾಂಪಲ್ಲು ಕಾರು ಹತ್ತುವುದೇ ಇಲ್ಲವೆಂದ ಮೇಲೆ ಪ್ಲಾಸ್ಟಿಕ್ ವಾಸನೆಯ ಹೆದರಿಕೆ ಯಾಕೆ? ಡಿಕ್ಕಿ ಇಲ್ಲದಿದ್ದರೇನು, ಹುರಿಯುವ ಯಂತ್ರ, ಕೆಟಲ್ಲು, ಬಟ್ಟಲುಗಳ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಕೂರುತ್ತವೆ. ತೊಳೆದರೆ ಅವಕ್ಕೆ ವಾಸನೆ ಉಳಿಯುವುದಿಲ್ಲ. ಮಂಡಿ ನೋಯುವ ಏರಿನಲ್ಲಿ ತಮ್ಮನ ಹೆಂಡತಿ ಓಡಿಸುತ್ತಾಳೆ. ಹುರಿದ ಬೀಜ ಒಂದು ರಾತ್ರಿ ಆರಬೇಕಾದ್ದರಿಂದ ಪ್ರತಿ ಸುತ್ತಿಗೂ ಎರಡು ಸಲ ಹೋಗಬೇಕು. ಅಂದರೆ ಮೊದಲಿಗಿಂತ ಹೆಚ್ಚು ಓಡಾಟ, ಪೆನ್ಷನ್ನಿನ ಹಣದಲ್ಲಿ. ತಮ್ಮನ ಮೈಲೇಜಿನ ಮಾತು ಮೊದಲ ಸಲ ನಿಜವಾಗಿ ನನ್ನ ಕಿವಿಗೆ ಬಿತ್ತು.

ಸೇಲ್ಸ್ ಹುಡುಗಿಗೆ ಫೋನ್ ಮಾಡಿದೆ.

"ಗ್ಯಾಸ್ ಗಾಡಿನಾ ಮೇಡಂ? ಅದ್ರಲ್ಲೇ ಅಲ್ವಾ ವಾಸನೆ ಬಂದಿದ್ದು? ಸರ್ ಹೇಳಿದ್ರು."

"ಬಂತಂತೆ. ಅದನ್ನೇ ಕೊಡು."

"ನಿಮ್ಮಂಥ ಕಸ್ಟಮರ್ ನಾನು ನೋಡೇ ಇಲ್ಲ ಮೇಡಂ."

"ಯು ವಿಲ್ ಸರ್ವೈವ್" ಎಂದೆ.

ಕಾರು ಬಂದ ವಾರವೇ ಹೊರಟೆವು. ಮೊದಲ ದಿನ ಕಣದಲ್ಲೇ ಚೀಲಗಳಿಗೆ ಕೊಳವೆ ಚುಚ್ಚಿ, ಅಲ್ಲೇ ಹುರಿದು, ಕಾಗದದ ಪೊಟ್ಟಣಗಳಲ್ಲಿ ಬಿಟ್ಟು ಬಂದೆವು. ಕರೆಂಟು ಎರಡು ಸಲ ಹೋಯಿತು. ಅರ್ಧ ಹುರಿದದ್ದನ್ನು ಎಸೆದು ಹೊಸದಾಗಿ ಹುರಿಯಬೇಕಾಯಿತು. ಎರಡನೆಯ ದಿನ ಮೇಜಿನ ಸುತ್ತ ಬೆಳೆಗಾರರು, ಕೈಗೊಂದು ಚಮಚ. ಸೊರ್ರೆಂದು ಹೀರಿ ಎಂದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗಂಡಸರು ಹೀರಿದ್ದನ್ನು ನುಂಗಿಯೇಬಿಟ್ಟರು.

"ಉಗೀರಿ" ಎಂದೆ.

"ಬೆಳ್ದಿದ್ದನ್ನ ಉಗಿಯಾದಾ ಅಮ್ಮಾರೇ?"

"ಉಗೀಲಾ ಸುಮ್ಕೆ" ಎಂದ ಪಕ್ಕದವನು. "ಎಂಡ ಅಲ್ಲ ಅದು, ನುಂಗಕೆ."

ಮೊದಲು ಎಲ್ಲಕ್ಕೂ "ಚೆನ್ನಾಗೈತೆ" ಬಂತು. ತಮ್ಮ ಹೇಳಿದ್ದೇ ನಿಜವಾಗುತ್ತದೇನೋ ಎಂದು ನಾನು ಮೇಜಿನ ಸುತ್ತ ಸುಮ್ಮನೆ ಓಡಾಡುತ್ತಿದ್ದೆ. ಬಟ್ಟಲು ಆರಿದಂತೆ ದೋಷ ಎದ್ದು ಕಾಣುತ್ತದೆ, ಕಾಯಿರಿ, ಮತ್ತೆ ಹೀರಿ ಎಂದೆ. ಎರಡನೆಯ ಸುತ್ತಿನಲ್ಲಿ ಮುಂದಾಳು ಹೆಂಗಸು ಒಂದು ಬಟ್ಟಲಿನ ಮುಂದೆ ನಿಂತಳು. ಹೀರಿದಳು. ಮತ್ತೆ ಬಗ್ಗಿ ಮೂಸಿದಳು.

"ಇದ್ರಲ್ಲಿ ಒದ್ದೆ ಗೋಣಿ ಐತೆ."

ಉಳಿದವರೂ ಮೂಸಿದರು. ಹೌದು ಅಂದರು ಇಬ್ಬರು. ಒಬ್ಬ ಇಲ್ಲವೆಂದ. "ಐತೆ ಕಣಣ್ಣ. ನಿಮ್ ಮೂಗ್ನಾಗೆ ಏನೈತೋ" ಎಂದು ರೇಗಿದಳು ಅವಳು.

ತಮ್ಮನ ಹೆಂಡತಿ ಬಟ್ಟಲು ಎತ್ತಿ ತಳದ ಚೀಟಿ ಓದಿದಳು. ಅದು ಆ ಹೆಂಗಸಿನದೇ.

ಅವಳ ಗಂಡ ಎದ್ದು ಬಂದ. "ಇನ್ನೊಂದ್ ಕಿತ ನೋಡೇ. ಎಲ್ಲಾ ಕುಡ್ದು ಕುಡ್ದು ನಾಲ್ಗೆ ಕೆಟ್ಟೋಗೈತೆ" ಎಂದ. ಅವಳು ನೋಡಿದಳು. ಮುಖ ಬಾಡಿತು. ಬಲೆಯ ಮಂಚದ ಮೇಲೆ ಅಷ್ಟು ದಿನ ತಿರುವಿದ ಕಾಫಿ ಅದು. ಸುಳ್ಳು ಹೇಳಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಅದು ಅವಳಿಗೂ ತಿಳಿದಿತ್ತು.

"ಐತೆ" ಎಂದಳು. "ಆ ಮೂಲೆ ಚೀಲದ್ದು. ಗೋಡೆಗೆ ಒರಗ್ಸಿದ್ನಲ್ಲ, ಅಲ್ಲಿ ತೇವ ಕುಡ್ದೈತೆ."

ಅವಳ ಚೀಲಗಳನ್ನೆಲ್ಲ ಒಂದೊಂದಾಗಿ ಬೇರೆ ಮಾಡಿ, ಮತ್ತೆ ಚುಚ್ಚಿ ತೆಗೆದು ಹುರಿದೆವು. ಮಾರನೆಯ ದಿನ ಮತ್ತೆ ಹೋಗಿ ಬಟ್ಟಲು ಜೋಡಿಸಿದೆವು. ಗೋಡೆಗೆ ಒರಗಿದ್ದ ಚೀಲ ಒಂದೇ ಕೆಟ್ಟದ್ದು. ಉಳಿದವು ಲಾಟಿಗೆ ಸೇರಿದವು. ಕೆಟ್ಟ ಚೀಲವನ್ನು ಗಂಡ ಹೊತ್ತು ಹೊರಗಿಟ್ಟ; ಏಜೆಂಟನಿಗೆ ಎಂದ, ಅವನ ಮೂಗಿಗೆ ಅದು ಸಾಕು.

ಎಲ್ಲ ಮುಗಿದ ಮೇಲೆ ಅವಳು ತನ್ನ ಒಳ್ಳೆಯ ಬಟ್ಟಲಿನಿಂದ ಒಂದು ಚಮಚ ತೆಗೆದು ನನ್ನ ಕಡೆ ಚಾಚಿದಳು.

"ನೀವೂ ಒಂದ್ಸಲ ನೋಡಿ ಅಮ್ಮಾರೇ."

ಹೀರಿದೆ. ನಾಲಿಗೆಯ ಅಂಚಿಗೆ ಹುಳಿ ಸ್ವಚ್ಛವಾಗಿ ತಾಗಿತು, ಹಿಂದೆಯೇ ತುಸು ಸಿಹಿ. ಅದರ ಮೇಲೆ ಇರಬೇಕಾದ ಪರಿಮಳ ಇರಲಿಲ್ಲ.

"ಹುಳಿ ಚೆನ್ನಾಗಿದೆ" ಎಂದೆ. "ಇನ್ನೇನಿದೆ ಇದರಲ್ಲಿ?"

ಅವಳು ಬಗ್ಗಿ ಮೂಸಿದಳು. ಅವಸರ ಮಾಡಲಿಲ್ಲ.

"ತಾಳಿ, ಯೋಳ್ತೀನಿ" ಎಂದಳು.